ಭಾವಸೂಕ್ಷ್ಮತೆ, ಕಾಲದೃಷ್ಟಿ, ಆತಂಕ, ಖಿನ್ನತೆ: ಪದವಿಪೂರ್ವ ಕಾಲೇಜುಗಳ ಅಧ್ಯಾಪಕರಿಗೆ ಬಹಿರಂಗ ಪತ್ರ



ಭಾವಸೂಕ್ಷ್ಮತೆಯಲ್ಲಿ ಮೂರು ಅಂಶಗಳಿವೆ: ಒಂದು ಮಾತು ಅಥವಾ ಘಟನೆ ಎಷ್ಟು ಬೇಗ ಮನಸ್ಸಿಗೆ ತಾಗುತ್ತದೆ, ಎಷ್ಟು ಜೋರಾಗಿ ತಾಗುತ್ತದೆ, ತಾಗಿದ್ದು ಇಳಿಯಲು ಎಷ್ಟು ಕಾಲ ಹಿಡಿಯುತ್ತದೆ. ಮೂರೂ ಒಬ್ಬರಲ್ಲೇ ಒಂದೇ ಮಟ್ಟದಲ್ಲಿರಬೇಕೆಂದಿಲ್ಲ. ತರಗತಿಯಲ್ಲಿ ಬೈಸಿಕೊಂಡು ಕಣ್ಣು ತುಂಬಿಕೊಂಡ ಹುಡುಗಿ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಗೆಳತಿಯರೊಂದಿಗೆ ನಗುತ್ತಿರಬಹುದು. ಬೈದಾಗ ಮುಖದ ಗೆರೆಯೂ ಅಲುಗದ ಹುಡುಗ ಅದೇ ಮಾತನ್ನು ವಾರಗಟ್ಟಲೆ ಒಳಗೇ ಹೊತ್ತು ತಿರುಗಬಹುದು. ಮನಃಶಾಸ್ತ್ರಜ್ಞ ಮ್ಯಾಥ್ಯೂ ನಾಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಭಾವಪ್ರತಿಕ್ರಿಯೆಯ ಅಳತೆಪಟ್ಟಿ ಈ ಮೂರನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಅಧ್ಯಾಪಕರ ಕಣ್ಣಿಗೆ ಮೊದಲೆರಡು ಬೀಳುತ್ತವೆ, ಮೂರನೆಯದು ಬೀಳುವುದಿಲ್ಲ. ಆತಂಕ ಮತ್ತು ಖಿನ್ನತೆ ಬೇರೂರುವುದು ಬಹುಪಾಲು ಆ ಮೂರನೆಯದರಲ್ಲಿ, ಅಂದರೆ ಕಾಲದಲ್ಲಿ.

ಸೂಕ್ಷ್ಮತೆ ಸ್ವತಃ ಕಾಯಿಲೆಯಲ್ಲ. ಅಮೆರಿಕದ ಎಲೈನ್ ಆರನ್ ಮತ್ತು ಆರ್ಥರ್ ಆರನ್ ದಂಪತಿ 1997ರಲ್ಲಿ ಅದನ್ನು ಒಂದು ಹುಟ್ಟುಸ್ವಭಾವವೆಂದು ವಿವರಿಸಿ, ಅಳೆಯಲು 27 ಪ್ರಶ್ನೆಗಳ ಪಟ್ಟಿ ಮಾಡಿದರು. ಗದ್ದಲ ತಡೆಯಲಾಗದಿರುವುದು, ಸುತ್ತಲಿನವರ ಮನಸ್ಥಿತಿ ತನಗೂ ಅಂಟಿಕೊಳ್ಳುವುದು, ಒಂದೇ ಸಲ ಹಲವು ಕೆಲಸ ಬಿದ್ದರೆ ಗಲಿಬಿಲಿಗೊಳ್ಳುವುದು, ಯಾರೋ ನೋಡುತ್ತಿದ್ದಾರೆಂದರೆ ಬರುವ ಕೆಲಸವೂ ಕೈತಪ್ಪುವುದು ಆ ಪಟ್ಟಿಯಲ್ಲಿವೆ. ಕಲೆಗೆ, ಸಂಗೀತಕ್ಕೆ ಆಳವಾಗಿ ಮನಸೋಲುವುದೂ ಅದೇ ಪಟ್ಟಿಯಲ್ಲಿದೆ. ಇದನ್ನು ಮರೆಯುವವರೇ ಹೆಚ್ಚು. ಫ್ರಾನ್ಸೆಸ್ಕಾ ಲಿಯೊನೆಟ್ಟಿ, ಮೈಕೆಲ್ ಪ್ಲೂಸ್ ಮೊದಲಾದವರು 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಜನ ಮೂರು ಗುಂಪುಗಳಾಗಿ ಕಂಡರು: ಹೆಚ್ಚು ಸೂಕ್ಷ್ಮರು ಸುಮಾರು 30%, ಮಧ್ಯಮರು ಸುಮಾರು 40%, ಕಡಿಮೆ ಸೂಕ್ಷ್ಮರು ಉಳಿದವರು. ಈ ಪ್ರಮಾಣ ಎಲ್ಲ ಊರುಗಳಲ್ಲೂ ಹೀಗೇ ಇರಬೇಕೆಂದಿಲ್ಲ. ಆದರೂ ಯಾವ ತರಗತಿಯಲ್ಲೇ ಆಗಲಿ, ಅಂಥವರು ಒಬ್ಬಿಬ್ಬರಲ್ಲ, ಹಲವರು ಎಂದು ಎಣಿಸಿ ನಡೆದುಕೊಳ್ಳುವುದೇ ಕ್ಷೇಮ.

ಬ್ರಿಟನ್ನಿನ ಹದಿಹರೆಯದ ಅವಳಿಗಳನ್ನು ಕುರಿತ 2021ರ ಅಧ್ಯಯನವೊಂದು ಪದವಿಪೂರ್ವ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದ್ದು, ಏಕೆಂದರೆ ಆ ಮಕ್ಕಳ ಸರಾಸರಿ ವಯಸ್ಸು 17. ಸೂಕ್ಷ್ಮತೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು 47% ಪಾಲು ಅನುವಂಶೀಯತೆಯದು ಎಂದು ಅದು ಅಂದಾಜಿಸಿತು. ಉಳಿದರ್ಧ ಮನೆ, ಗೆಳೆಯರು, ಶಾಲೆ ಮತ್ತು ಬದುಕಿನಲ್ಲಿ ಎದುರಾದ ಬೇರೆಬೇರೆ ಅನುಭವಗಳಿಗೆ ಸೇರಿದ್ದು. "ಇಷ್ಟು ಸೂಕ್ಷ್ಮ ಆದರೆ ಹೇಗೆ, ಸ್ವಲ್ಪ ಗಟ್ಟಿಯಾಗು" ಎಂಬ ಬುದ್ಧಿಮಾತು ಏಕೆ ಸೋಲುತ್ತದೆ ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ. ಎತ್ತರವನ್ನು ಯಾರೂ ಮಾತಿನಿಂದ ಬದಲಿಸಲಾರರು. ಸೂಕ್ಷ್ಮತೆಯನ್ನೂ ಅಷ್ಟು ಸುಲಭವಾಗಿ ಬದಲಿಸಲಾಗದು. ಬದಲಿಸಬಹುದಾದದ್ದು ಬೇರೊಂದಿದೆ: ಆ ಸೂಕ್ಷ್ಮತೆ ಯಾವ ಕಾಲದ ಕಡೆಗೆ ಮುಖ ಮಾಡಿ ನಿಂತಿದೆ ಎಂಬುದು.

ಮನುಷ್ಯ ತನ್ನ ನಿನ್ನೆ, ಇಂದು, ನಾಳೆಗಳಿಗೆ ಎಷ್ಟೆಷ್ಟು ಗಮನ ಕೊಡುತ್ತಾನೆ, ಅವನ್ನು ಯಾವ ಭಾವದಿಂದ ನೋಡುತ್ತಾನೆ ಎಂಬುದೇ ಕಾಲದೃಷ್ಟಿ. ಫಿಲಿಪ್ ಜಿಂಬಾರ್ಡೊ ಮತ್ತು ಜಾನ್ ಬಾಯ್ಡ್ 1999ರಲ್ಲಿ 56 ಹೇಳಿಕೆಗಳ ಪ್ರಶ್ನಾವಳಿಯ ಮೂಲಕ ಅದರಲ್ಲಿ ಐದು ಬಗೆಗಳನ್ನು ಗುರುತಿಸಿದರು. ಆದದ್ದನ್ನೆಲ್ಲ ಕಹಿಯಾಗಿ ನೆನೆಯುವುದು ಒಂದು. ಹಳೆಯದನ್ನು ಅಕ್ಕರೆಯಿಂದ ನೆನೆಯುವುದು ಇನ್ನೊಂದು. ಈ ಕ್ಷಣದ ಸುಖಕ್ಕೆ ಮನಸ್ಸು ಕೊಡುವುದು ಮೂರನೆಯದು. ತನ್ನ ಕೈಯಲ್ಲಿ ಏನಿದೆ, ಎಲ್ಲ ಹಣೆಬರಹ ಎಂದು ಕೈಚೆಲ್ಲಿ ಇಂದನ್ನು ಕಳೆಯುವುದು ನಾಲ್ಕನೆಯದು. ನಾಳೆಗಾಗಿ ಗುರಿ ಇಟ್ಟು ದುಡಿಯುವುದು ಐದನೆಯದು. ಎಲ್ಲರಲ್ಲೂ ಐದೂ ಇರುತ್ತವೆ, ಪ್ರಮಾಣ ಬೇರೆ. ಕಹಿ ನೆನಪು ಮತ್ತು ಹಣೆಬರಹದ ಭಾವ ಕಡಿಮೆಯಿದ್ದು, ಸವಿ ನೆನಪು ಹೆಚ್ಚಾಗಿ, ನಾಳೆಯ ಗುರಿ ಮತ್ತು ಇಂದಿನ ಸುಖ ಎರಡೂ ಹದವಾಗಿರುವುದನ್ನು ಸಮತೋಲದ ಕಾಲದೃಷ್ಟಿ ಎನ್ನುತ್ತಾರೆ. ಈ ಸಮತೋಲದಿಂದ ದೂರ ಹೋದಷ್ಟೂ ಮನಸ್ಸಿನ ನೆಮ್ಮದಿ ಕಡಿಮೆಯಾಗಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡಿದೆ.

ಆ ಐದು ಬಗೆಗಳ ಪಟ್ಟಿಯಲ್ಲಿ ಒಂದು ದೊಡ್ಡ ಕೊರತೆ ಇತ್ತು. ನಾಳೆಯನ್ನು ಅದು ಗುರಿಯ ರೂಪದಲ್ಲಿ ಮಾತ್ರ ಕಂಡಿತ್ತು. ನಾಳೆಯನ್ನು ನೆನೆದು ಬೆವರುವವರಿಗೆ ಅದರಲ್ಲಿ ಜಾಗವಿರಲಿಲ್ಲ. ಸ್ವೀಡನ್ನಿನ ಉಮಿಯೋ ವಿಶ್ವವಿದ್ಯಾಲಯದ ಗ್ರಾಜಿಯಾ ಕರೆಲ್ಲಿ, ಬ್ರಿಟ್ ವಿಬರ್ಗ್ ಮತ್ತು ಮಾರಿ ವಿಬರ್ಗ್ 2011ರಲ್ಲಿ ಆ ಕೊರತೆಯನ್ನು ತುಂಬಿ, ಭರವಸೆಯ ನಾಳೆ ಮತ್ತು ಭಯದ ನಾಳೆ ಎಂದು ಎರಡು ಮಾಡಿದರು. ಸಿಇಟಿ, ನೀಟ್‌ಗಳ ನೆರಳಿನಲ್ಲಿ ಓದುವ ಹುಡುಗ ಹುಡುಗಿಯರನ್ನು ಅರ್ಥಮಾಡಿಕೊಳ್ಳಲು ಈ ವಿಂಗಡಣೆ ತೀರ ಅಗತ್ಯ. ಇಬ್ಬರು ವಿದ್ಯಾರ್ಥಿನಿಯರು ಒಂದೇ ವೇಳಾಪಟ್ಟಿ ಹಾಕಿಕೊಂಡು, ಒಂದೇ ಹೊತ್ತಿಗೆ ಎದ್ದು, ಒಂದೇ ಪುಸ್ತಕ ಓದುತ್ತಿರಬಹುದು. ಒಬ್ಬಳು ತಾನು ಸೇರಬೇಕೆಂದಿರುವ ಕಡೆಗೆ ನಡೆಯುತ್ತಿರುತ್ತಾಳೆ. ಇನ್ನೊಬ್ಬಳು ಯಾವುದರಿಂದಲೋ ತಪ್ಪಿಸಿಕೊಂಡು ಓಡುತ್ತಿರುತ್ತಾಳೆ. ಹಾಜರಿ ಪುಸ್ತಕದಲ್ಲೂ ಕಿರುಪರೀಕ್ಷೆಯ ಅಂಕಗಳಲ್ಲೂ ಈ ವ್ಯತ್ಯಾಸ ತಿಂಗಳುಗಟ್ಟಲೆ ಕಾಣಿಸದೆ ಹೋಗಬಹುದು.

ಆತಂಕಕ್ಕೂ ಖಿನ್ನತೆಗೂ ಕಾಲದ ದಿಕ್ಕು ಬೇರೆ. ಮೈಕೆಲ್ ಐಸೆಂಕ್ ಮತ್ತು ಸಂಗಡಿಗರ 2006ರ ಪ್ರಯೋಗಗಳಲ್ಲಿ ಆತಂಕ ಮುಂದೆ ಆಗಬಹುದಾದ ಕೆಡುಕಿನ ಜೊತೆಗೂ, ಖಿನ್ನತೆ ಆಗಿಹೋದ ಕೆಡುಕಿನ ಜೊತೆಗೂ ಹೆಚ್ಚು ಹೆಣೆದುಕೊಂಡಿತ್ತು. ಹಾಗೆಂದು ಗೆರೆ ಅಷ್ಟು ನೇರವಾಗಿಲ್ಲ. ಜಿಂಬಾರ್ಡೊ ಅವರ ಮೂಲ ಅಧ್ಯಯನದಲ್ಲೇ ಕಹಿ ನೆನಪಿನ ಅಂಕ ಖಿನ್ನತೆಯ ಜೊತೆ ಮಾತ್ರವಲ್ಲ, ಆತಂಕದ ಜೊತೆಗೂ ಬಲವಾಗಿ ಸೇರಿಕೊಂಡಿತ್ತು. ಹಿಂದೆ ಪೆಟ್ಟು ತಿಂದವನಿಗೆ ಮುಂದಿನ ದಾರಿಯಲ್ಲೂ ಕಲ್ಲೇ ಕಾಣುವುದು ಸಹಜ. ಜೊತೆಗೆ, ಖಿನ್ನತೆಯಲ್ಲಿರುವ ಮನಸ್ಸು ಒಳ್ಳೆಯ ನೆನಪುಗಳನ್ನು ಬಿಟ್ಟು ಕೆಟ್ಟವನ್ನೇ ಹೆಕ್ಕಿ ತೆಗೆಯುವುದರಿಂದ, ಕಹಿ ನೆನಪು ಖಿನ್ನತೆಯನ್ನು ತಂದಿತೋ ಖಿನ್ನತೆಯೇ ನೆನಪನ್ನು ಕಹಿ ಮಾಡಿತೋ ಎಂದು ಒಂದು ಪ್ರಶ್ನಾವಳಿಯಿಂದ ತೀರ್ಮಾನಿಸಲಾಗದು. ಎರಡೂ ಕಡೆಯ ಓಡಾಟ ಇದೆ ಎಂದು ತಿಳಿಯುವುದು ಸರಿ.

ನಾಳೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ವ್ಯತ್ಯಾಸವನ್ನು ಬ್ರಿಟನ್ನಿನ ಆಂಡ್ರ್ಯೂ ಮೆಕ್ಲೌಡ್ 1990ರ ದಶಕದಲ್ಲಿ ತೋರಿಸಿದರು. ಮುಂದಿನ ವಾರ, ಮುಂದಿನ ವರ್ಷ, ಮುಂದಿನ ಹಲವು ವರ್ಷಗಳಲ್ಲಿ ಆಗಬಹುದಾದ ಒಳ್ಳೆಯ ಮತ್ತು ಕೆಟ್ಟ ಸಂಗತಿಗಳನ್ನು ನಿಗದಿತ ಸಮಯದಲ್ಲಿ ಎಷ್ಟಾಗುತ್ತದೋ ಅಷ್ಟು ಹೇಳಿ ಎಂದು ಅವರು ಜನರನ್ನು ಕೇಳಿದರು. ಆತಂಕವಿದ್ದವರು ಕೆಟ್ಟದ್ದನ್ನು ಬೇರೆಯವರಿಗಿಂತ ಹೆಚ್ಚು ಹೇಳಿದರು. ಅವರ ನಾಳೆಯಲ್ಲಿ ಒಳ್ಳೆಯದಕ್ಕೇನೂ ಕೊರತೆಯಿರಲಿಲ್ಲ. ಖಿನ್ನತೆಯಿದ್ದವರ ಗುರುತು ಬೇರೆಯಿತ್ತು: ಒಳ್ಳೆಯದೇ ಅವರಿಗೆ ಹೊಳೆಯುತ್ತಿರಲಿಲ್ಲ. "ಮುಂದೇನು?" ಎಂಬ ಪ್ರಶ್ನೆಗೆ ಭಯದ ಉತ್ತರಗಳ ಸಾಲು ಬಂದರೆ ಒಂದು ಸ್ಥಿತಿ, ಉತ್ತರವೇ ಬಾರದಿದ್ದರೆ ಇನ್ನೊಂದು. ಎರಡನೆಯದು ಮೇಲ್ನೋಟಕ್ಕೆ ಶಾಂತವಾಗಿ ಕಾಣುತ್ತದೆ, ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಆತಂಕ ಖಿನ್ನತೆಯಾಗಿ ತಿರುಗುವ ಹಾದಿಯನ್ನು ಲಾರೆನ್ ಅಲಾಯ್ ಮತ್ತು ಸಂಗಡಿಗರು 1990ರಲ್ಲಿ ವಿವರಿಸಿದ್ದಾರೆ. ಮೊದಲು, ಕೆಡುಕಾದರೆ ತಡೆಯುವ ಶಕ್ತಿ ತನಗಿದೆಯೋ ಇಲ್ಲವೋ ಎಂಬ ಅನುಮಾನ, ಇದು ಆತಂಕ. ಆಮೇಲೆ, ಶಕ್ತಿಯಿಲ್ಲ ಎಂಬ ಖಾತರಿ. ಇಲ್ಲಿ ಆತಂಕ ಮತ್ತು ಖಿನ್ನತೆ ಬೆರೆತಿರುತ್ತವೆ. ಕೊನೆಗೆ, ಕೆಡುಕು ಆಗಿಯೇ ತೀರುತ್ತದೆ ಎಂಬ ಖಾತರಿ. ಇದು ಹತಾಶೆ, ಖಿನ್ನತೆಯ ಒಡಲು. ಮೂರು ಹಂತಗಳಲ್ಲೂ ನಾಳೆ ಅದೇ, ಅದರ ಬಗೆಗಿನ ಖಾತರಿ ಮಾತ್ರ ಬೆಳೆಯುತ್ತ ಹೋಗುತ್ತದೆ. ಫೆಬ್ರುವರಿಯಲ್ಲಿ ಟೆನ್ಷನ್ ಎನ್ನುತ್ತ, ಎದೆ ಡವಗುಟ್ಟುತ್ತದೆ ಎನ್ನುತ್ತ ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಿದ್ದ ವಿದ್ಯಾರ್ಥಿ ಏಪ್ರಿಲ್‌ನಲ್ಲಿ ಬರುವುದನ್ನು ನಿಲ್ಲಿಸಿದರೆ, ಅವನ ಅನುಮಾನ ಪರಿಹಾರವಾಗಿದೆಯೋ ಖಾತರಿಯಾಗಿ ಗಟ್ಟಿಯಾಗಿದೆಯೋ ಎಂದು ವಿಚಾರಿಸಿ ನೋಡಬೇಕಾಗುತ್ತದೆ.

ಸೂಕ್ಷ್ಮತೆ ಈ ಚಿತ್ರದೊಳಕ್ಕೆ ಬರುವ ಮುಖ್ಯ ಬಾಗಿಲು ಕೊರಗು. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಅಧ್ಯಯನ ಒಂದು ಆಕಸ್ಮಿಕದಿಂದ ಹುಟ್ಟಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸೂಸನ್ ನೋಲೆನ್-ಹೋಕ್ಸೆಮಾ ವಿದ್ಯಾರ್ಥಿಗಳ ಗುಂಪೊಂದರಿಂದ ಬೇಸರ ಬಂದಾಗ ಅವರು ಏನು ಮಾಡುತ್ತಾರೆ ಎಂಬ ಮಾಹಿತಿ ಸಂಗ್ರಹಿಸಿದ್ದರು: ಎದ್ದು ಬೇರೆ ಕೆಲಸಕ್ಕೆ ತೊಡಗುತ್ತಾರೆಯೇ, ಕುಳಿತು ತನಗೇಕೆ ಹೀಗೆ ಎಂದು ಮತ್ತೆಮತ್ತೆ ಯೋಚಿಸುತ್ತಾರೆಯೇ. ಅದಾಗಿ 14 ದಿನಗಳಿಗೆ, 1989ರ ಅಕ್ಟೋಬರ್ 17ರಂದು, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ 6.9 ತೀವ್ರತೆಯ ಲೋಮ ಪ್ರಿಯೇಟ ಭೂಕಂಪವಾಯಿತು. ಅವರು ಅದೇ 137 ವಿದ್ಯಾರ್ಥಿಗಳನ್ನು ಭೂಕಂಪದ 10 ದಿನಗಳ ನಂತರ, ಮತ್ತೆ ಏಳು ವಾರಗಳ ನಂತರ ಪರೀಕ್ಷಿಸಿದರು. ಮೊದಲೇ ಕೊರಗುವ ಅಭ್ಯಾಸವಿದ್ದವರಲ್ಲಿ ಖಿನ್ನತೆ ಮತ್ತು ಒತ್ತಡದ ಲಕ್ಷಣಗಳು ಹೆಚ್ಚಿದ್ದವು. ಭೂಕಂಪಕ್ಕೆ ಮುಂಚೆ ಅವರ ಮನಸ್ಥಿತಿ ಹೇಗಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ಹಾಗೇ ಉಳಿಯಿತು. ನಡುಗಿದ ನೆಲ ಎಲ್ಲರಿಗೂ ಒಂದೇ. ಆಮೇಲಿನ ವಾರಗಳನ್ನು ಮನಸ್ಸು ಹೇಗೆ ಕಳೆಯಿತು ಎಂಬುದೇ ಅಂತರ ತಂದಿತು.

ಸೂಕ್ಷ್ಮ ಮನಸ್ಸಿಗೆ ಕೊರಗು ಏಕೆ ಅಷ್ಟು ಸುಲಭವಾಗಿ ಅಂಟುತ್ತದೆ ಎಂಬುದು ಊಹಿಸಲು ಕಷ್ಟವಲ್ಲ. ಜೋರಾಗಿ ತಾಗಿದ್ದು ಜೋರಾಗಿ ನೆನಪಿನಲ್ಲಿ ಉಳಿಯುತ್ತದೆ, ಸಣ್ಣ ನೆಪಕ್ಕೂ ಎದ್ದು ಬರುತ್ತದೆ. ಆಳವಾಗಿ ಯೋಚಿಸುವುದು ಈ ಸ್ವಭಾವದ ಬಲ. ಗಣಿತದ ಲೆಕ್ಕಕ್ಕೆ, ಕವಿತೆಗೆ, ಗೆಳತಿಯ ಕಷ್ಟಕ್ಕೆ ಅದು ಒದಗುತ್ತದೆ. ಅದೇ ಬಲ ಉತ್ತರವಿಲ್ಲದ ಪ್ರಶ್ನೆಯ ಮೇಲೆ ಬಿದ್ದಾಗ ಗಾಯವನ್ನು ಕೆರೆಯುತ್ತಲೇ ಇರುತ್ತದೆ. "ಆವತ್ತು ಹಾಗೇಕೆ ಹೇಳಿದೆ?", "ಎಲ್ಲರೂ ನೋಡಿ ನಕ್ಕರಲ್ಲ" ಎಂಬ ಯೋಚನೆಗೆ ಕೊನೆಯ ಸಾಲು ಎಂಬುದಿಲ್ಲ. ಯೋಚಿಸುತ್ತಿರುವವರಿಗೆ ತಾವು ಸಮಸ್ಯೆಯನ್ನು ಬಿಡಿಸುತ್ತಿದ್ದೇವೆ ಎಂದೇ ಅನ್ನಿಸುತ್ತಿರುತ್ತದೆ. ಹಾಗಾಗಿ "ಯೋಚಿಸಬೇಡ" ಎಂದರೆ ಅವರಿಗೆ ಅದು ಜವಾಬ್ದಾರಿ ಬಿಡು ಎಂದಂತೆ ಕೇಳಿಸುತ್ತದೆ.

ನಾಳೆಯ ಕಡೆಗೂ ಇಂಥದೇ ಒಂದು ಬಾಗಿಲಿದೆ. ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಮಿಷೆಲ್ ನ್ಯೂಮನ್ ಮತ್ತು ಸಾಂಡ್ರಾ ಲೆರಾ 2011ರಲ್ಲಿ ಮುಂದಿಟ್ಟ ವಿವರಣೆಯಂತೆ, ದೀರ್ಘಕಾಲದ ಆತಂಕವಿರುವವರು ದುಃಖಕ್ಕಿಂತಲೂ ಹೆಚ್ಚಾಗಿ ದುಃಖ ಬಂದೆರಗುವ ಆ ಹಠಾತ್ ಬದಲಾವಣೆಗೆ ಅಂಜುತ್ತಾರೆ. ನಗುತ್ತಿರುವಾಗ ಕೆಟ್ಟ ಸುದ್ದಿ ಬರುವುದಕ್ಕಿಂತ ಮೊದಲೇ ಕುಗ್ಗಿ ಕುಳಿತಿರುವುದು ಮೇಲು ಎಂದು ಅವರ ಮನಸ್ಸು ಕಲಿತಿರುತ್ತದೆ. ಆದ್ದರಿಂದ ಚಿಂತೆ ಅವರಿಗೆ ಒಂದು ರಕ್ಷೆ. ರಿಸಲ್ಟ್ ಬರುವ ತನಕ "ನಾನು ಫೇಲೇ" ಎಂದು ಹೇಳುತ್ತ ಓಡಾಡಿ, ಕೊನೆಗೆ 90 ಅಂಕ ತೆಗೆದುಕೊಳ್ಳುವ ವಿದ್ಯಾರ್ಥಿಗಳು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ಗೆಳೆಯರಿಗೆ ಅದು ನಾಟಕವೆನಿಸುತ್ತದೆ. ಹಲವು ಸಲ ಅದು ಭಾವಸೂಕ್ಷ್ಮತೆ ತನಗೆ ತಾನೇ ಕಟ್ಟಿಕೊಂಡ ತಡೆಗೋಡೆ. ಅದರ ಬೆಲೆ ದೊಡ್ಡದು: ಕೆಡುಕು ಬಾರದೆ ಹೋದಾಗ ಚಿಂತಿಸಿದ್ದರಿಂದಲೇ ಬಾರಲಿಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಮುಂದಿನ ಪರೀಕ್ಷೆಗೆ ಚಿಂತೆ ಇನ್ನೂ ಬೇಗ ಶುರುವಾಗುತ್ತದೆ. ನಿದ್ದೆ ಕಡಿಮೆಯಾಗಿ ತಲೆನೋವು, ಹೊಟ್ಟೆನೋವು ಜೊತೆಗೂಡುತ್ತವೆ. ನಮ್ಮ ಮನೆಗಳಲ್ಲಿ ಮೊದಲು ವೈದ್ಯರ ಬಳಿ ಹೋಗುವುದು ಆ ಹೊಟ್ಟೆನೋವಿಗಾಗಿ.

ಮೂರನೆಯ ಬಾಗಿಲು ನೆನಪಿನದು. ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ 1986ರಲ್ಲಿ, ಆತ್ಮಹತ್ಯೆಗೆ ಪ್ರಯತ್ನಿಸಿ ಉಳಿದವರಿಗೆ ಸಂತೋಷ, ಕೋಪ ಮುಂತಾದ ಒಂದೊಂದು ಪದ ಕೊಟ್ಟು ಅದಕ್ಕೆ ಹೊಂದುವ ಒಂದು ನಿರ್ದಿಷ್ಟ ಘಟನೆ ನೆನಪಿಸಿಕೊಳ್ಳಲು ಹೇಳಿದರು. ಅವರ ಉತ್ತರಗಳು ಮಸುಕಾಗಿದ್ದವು. ಕನ್ನಡದಲ್ಲಿ ಹೇಳುವುದಾದರೆ, "ಅಜ್ಜಿ ಮನೆಗೆ ಹೋಗುತ್ತಿದ್ದಾಗ ಚೆನ್ನಾಗಿರುತ್ತಿತ್ತು" ಎಂಬಲ್ಲಿಗೆ ನೆನಪು ನಿಲ್ಲುತ್ತದೆ. ಯಾವ ಹಬ್ಬ, ಯಾರಿದ್ದರು, ಏನು ತಿಂದೆವು ಎಂಬುದು ಸಿಗುವುದಿಲ್ಲ. ಖಿನ್ನತೆಯಲ್ಲಿ ಇದು ವ್ಯಾಪಕವಾಗಿ ಕಂಡುಬರುವ ಲಕ್ಷಣವೆಂದು ಮುಂದಿನ ಅಧ್ಯಯನಗಳು ದೃಢಪಡಿಸಿದವು. ನೋವಿನ ನೆನಪಿನ ವಿವರಗಳಿಂದ ತಪ್ಪಿಸಿಕೊಳ್ಳಲು ಮನಸ್ಸು ಮೇಲಿಂದಮೇಲೆ ಹಾರಿ ಹೋಗುವುದು ಇದಕ್ಕೆ ಒಂದು ಕಾರಣ, ಕೊರಗು ಇನ್ನೊಂದು. ಹಿಂದಿನದು ಮಸುಕಾದರೆ ಮುಂದಿನದೂ ಮಸುಕಾಗುತ್ತದೆ, ಏಕೆಂದರೆ ನಾಳೆಯ ಚಿತ್ರವನ್ನು ಮನಸ್ಸು ನಿನ್ನೆಯ ವಿವರಗಳಿಂದಲೇ ಕಟ್ಟುತ್ತದೆ.

ಖಿನ್ನತೆ ಬಂದ ಮೇಲೆ ಸೂಕ್ಷ್ಮತೆಯ ಚಹರೆ ಬದಲಾಗುತ್ತದೆ. ಖಿನ್ನತೆಯಲ್ಲಿರುವವರಿಗೆ ದುಃಖದ ದೃಶ್ಯ ತೋರಿಸಿದರೆ ಹೆಚ್ಚು ಅಳುತ್ತಾರೆ ಎಂದು ಯಾರಾದರೂ ಊಹಿಸಬಹುದು. ಜೊನಾಥನ್ ರಾಟನ್‌ಬರ್ಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಯೋಗಾಲಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಬೇರೆ: ಸಂತೋಷಕ್ಕೂ ದುಃಖಕ್ಕೂ ಅವರ ಪ್ರತಿಕ್ರಿಯೆ ತಗ್ಗಿರುತ್ತದೆ. ಸಣ್ಣದಕ್ಕೂ ಕಣ್ಣೀರು ಹಾಕುತ್ತಿದ್ದ ಹುಡುಗಿ ಈಗ ಯಾವುದಕ್ಕೂ ಅಲುಗುವುದಿಲ್ಲ ಎಂದರೆ, ಪರವಾಗಿಲ್ಲ, ಗಟ್ಟಿಯಾದಳು ಎಂದು ಸಮಾಧಾನಪಡುವ ಮೊದಲು ಇನ್ನೊಮ್ಮೆ ನೋಡಬೇಕು. ಇದೇ ಹಂತದಲ್ಲಿ ಹೊತ್ತು ಹೋಗುವುದೇ ಇಲ್ಲ ಎಂಬ ಮಾತೂ ಬರುತ್ತದೆ. 2015ರ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಖಿನ್ನತೆಯಲ್ಲಿರುವವರು ಸೆಕೆಂಡು, ನಿಮಿಷಗಳನ್ನು ಇತರರಷ್ಟೇ ಸರಿಯಾಗಿ ಅಂದಾಜಿಸುತ್ತಾರೆ. ಕಾಲ ತೆವಳುತ್ತಿದೆ ಎಂಬ ಅನುಭವ ಮಾತ್ರ ಅವರಲ್ಲಿ ಹೆಚ್ಚು.

ಇನ್ನು ಅಂಕಗಳ ವಿಷಯ. ಜೆರಾಲ್ಡ್ ಮೆಟಾಲ್ಸ್ಕಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಮಧ್ಯಾವಧಿ ಪರೀಕ್ಷೆಯ ಮೊದಲು ಮತ್ತು ಫಲಿತಾಂಶದ ನಂತರ ಗಮನಿಸಿದರು. ಅಂಕ ತಿಳಿದ ಕೂಡಲೇ ಆದ ಬೇಸರಕ್ಕೆ ಕಾರಣ ಅಂಕವೇ. ಕಡಿಮೆ ಬಂದವರೆಲ್ಲ ಕುಗ್ಗಿದರು. ಆದರೆ ನಂತರವೂ ಉಳಿದ ಬೇಸರಕ್ಕೆ ಅಂಕವೊಂದೇ ಸಾಲಲಿಲ್ಲ. ಸೋಲಿಗೆ ಎಂದೆಂದಿಗೂ ಬದಲಾಗದ, ಎಲ್ಲದಕ್ಕೂ ಅನ್ವಯಿಸುವ ಕಾರಣ ಹುಡುಕುವ ಅಭ್ಯಾಸವಿದ್ದು, ಅಂಕವೂ ಕಡಿಮೆ ಬಂದವರಲ್ಲಿ ಬೇಸರ ನಿಂತಿತು. "ಈ ಸಲ ಕೈಕೊಟ್ಟಿತು" ಎಂಬ ಮಾತಿಗೆ ಒಂದು ಅವಧಿ ಇದೆ. "ನನ್ನ ತಲೆಗೆ ಹತ್ತುವುದೇ ಇಲ್ಲ" ಎಂಬುದಕ್ಕೆ ಅವಧಿಯೇ ಇಲ್ಲ.

ಆ ಎರಡನೆಯ ಬಗೆಯ ಮಾತನ್ನು ಮಕ್ಕಳು ಎಲ್ಲಿಂದ ಕಲಿಯುತ್ತಾರೆ ಎಂಬುದನ್ನು ಅಧ್ಯಾಪಕರು ಪ್ರಾಮಾಣಿಕವಾಗಿ ಯೋಚಿಸಬೇಕು. ಈ ಎರಡು ವರ್ಷ ಬದುಕನ್ನೇ ನಿರ್ಧರಿಸುತ್ತವೆ, ಈಗ ಎಡವಿದರೆ ಮುಗಿಯಿತು, ಹೋದ ವರ್ಷದ ಬ್ಯಾಚು ಹೇಗಿತ್ತು ನೀವು ನೋಡಿ ಹೇಗಿದ್ದೀರಿ, ಇವನು ಮೊದಲಿಂದಲೂ ಹೀಗೇ: ಇವು ತರಗತಿಗಳಲ್ಲಿ ಒಳ್ಳೆಯ ಉದ್ದೇಶದಿಂದಲೇ ಆಡುವ ಮಾತುಗಳು. ಕಡಿಮೆ ಸೂಕ್ಷ್ಮ ವಿದ್ಯಾರ್ಥಿಗೆ ಅವು ಗಂಟೆಯ ಸದ್ದಿನಂತೆ ಬಂದು ಹೋಗುತ್ತವೆ. ಹೆಚ್ಚು ಸೂಕ್ಷ್ಮರಲ್ಲಿ ಮೊದಲ ಎರಡು ಮಾತು ನಾಳೆಯನ್ನು ಭಯದ ನಾಳೆಯಾಗಿಸುತ್ತವೆ, ಕೊನೆಯದು ನಿನ್ನೆಯನ್ನು ಅಳಿಸಲಾಗದ ದಾಖಲೆಯಾಗಿಸುತ್ತದೆ. ಈಗ ಎಡವಿದರೆ ಮುಗಿಯಿತು ಎಂಬ ಮಾತು ನಿಜವೂ ಅಲ್ಲ. 2024ರಲ್ಲಿ ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಒಂದೇ ವರ್ಷ ಮೂರು ಅವಕಾಶಗಳು ಬಂದವು. ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಕಳಚಿ, ಮೂರರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟ ಆ ಕ್ರಮ, ಆಡಳಿತದ ಭಾಷೆಯಲ್ಲಿ ಏನೇ ಇರಲಿ, ಕಾಲದೃಷ್ಟಿಯನ್ನು ಸಡಿಲಿಸುವ ಕ್ರಮ. ತರಗತಿಯ ಭಾಷೆ ಇನ್ನೂ ಒಂದೇ ಅವಕಾಶದ ಕಾಲದಲ್ಲೇ ನಿಂತಿರುವುದು ಬೇಸರದ ಸಂಗತಿ.

ಭಾಷೆ ಬದಲಿಸಿದರೆ ಫಲವಿದೆಯೇ ಎಂಬುದಕ್ಕೆ ಅಮೆರಿಕದ ಒಂದು ಪ್ರಯೋಗ ಆಧಾರವಾಗಿದೆ. ಏಡ್ರಿಯಾನಾ ಮ್ಯೂ ಮತ್ತು ಡೇವಿಡ್ ಯೀಗರ್ 599 ಮಂದಿ ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ, ಮನುಷ್ಯರು ಕಾಲಕ್ರಮದಲ್ಲಿ ಬದಲಾಗಬಲ್ಲರು ಎಂಬುದನ್ನು ಒಂದು ಚಿಕ್ಕ ಪಾಠದ ಮೂಲಕ ತಿಳಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂಬತ್ತು ತಿಂಗಳ ನಂತರ ಪಾಠ ಸಿಗದ ಗುಂಪಿನಲ್ಲಿ ಖಿನ್ನತೆಯ ಲಕ್ಷಣಗಳು ಏರಿದ್ದವು, ಪಾಠ ಸಿಕ್ಕವರಲ್ಲಿ ಆ ಏರಿಕೆ ಕಾಣಲಿಲ್ಲ. ಒಂದು ಪಾಠದಿಂದ ಎಲ್ಲವೂ ಸರಿಹೋಗುತ್ತದೆ ಎಂದು ಇದರ ಅರ್ಥವಲ್ಲ. ಬ್ರಿಟನ್ನಿನ 85 ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಒಂದು ಗುಂಪಿಗೆ ಈ ಕ್ಷಣದಲ್ಲಿ ಮನಸ್ಸಿಡುವ ಧ್ಯಾನದ ತರಬೇತಿ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ, ಶಾಲೆಯ ಎಂದಿನ ಪಾಠಕ್ಕಿಂತ ಅದು ಮೇಲಾಗಿ ಕಾಣಲಿಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸುವ ಕಾರ್ಯಕ್ರಮಗಳಿಗೆ ಕಾಲೇಜುಗಳು ಹಣ ಹಾಕುವ ಮೊದಲು ಇದನ್ನು ಓದಬೇಕು.

ಸರಾಸರಿ ನೋಡಿದರೆ ಕಾಣದ ಫಲ ಸೂಕ್ಷ್ಮರಲ್ಲಿ ಕಾಣುವುದೂ ಉಂಟು. ಪ್ಲೂಸ್ ಮತ್ತು ಇಲೋನಾ ಬೋನಿವೆಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲೆಂಡಿನ ಬಡ ಬಡಾವಣೆಯೊಂದರ ಶಾಲೆಯ 11 ವರ್ಷದ ಹುಡುಗಿಯರಿಗೆ ಖಿನ್ನತೆ ತಡೆಯುವ ತರಬೇತಿ ಕೊಡಲಾಗಿತ್ತು. ಸೂಕ್ಷ್ಮತೆ ಹೆಚ್ಚಿದ್ದ ಹುಡುಗಿಯರಲ್ಲಿ ಖಿನ್ನತೆಯ ಲಕ್ಷಣ ಇಳಿಯಿತು. ಕಡಿಮೆಯಿದ್ದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಜೇ ಬೆಲ್ಸ್ಕಿ, ಥಾಮಸ್ ಬಾಯ್ಸ್, ಬ್ರೂಸ್ ಎಲಿಸ್ ಮೊದಲಾದವರು ದಶಕಗಳಿಂದ ಪ್ರತಿಪಾದಿಸುತ್ತ ಬಂದ ಮಾತಿಗೆ ಇದು ಒಂದು ಪುರಾವೆ: ಸೂಕ್ಷ್ಮ ಮಕ್ಕಳು ಕೆಟ್ಟ ವಾತಾವರಣದಿಂದ ಹೆಚ್ಚು ಕೆಡುತ್ತಾರೆ, ಒಳ್ಳೆಯದರಿಂದ ಹೆಚ್ಚು ಅರಳುತ್ತಾರೆ. ಮಿರಿಯಂ ಲಿಸ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ಸೂಕ್ಷ್ಮತೆ ಮತ್ತು ಖಿನ್ನತೆಯ ನಂಟು ಹೆತ್ತವರ ಅಕ್ಕರೆ ಎಷ್ಟಿತ್ತು ಎಂಬುದನ್ನು ಅವಲಂಬಿಸಿತ್ತು. ಆತಂಕದ ನಂಟು ಮಾತ್ರ ಅಕ್ಕರೆ ಸಿಕ್ಕವರಲ್ಲೂ ಉಳಿದಿತ್ತು. ಪ್ರೀತಿಯ ಮನೆಯಿಂದ ಬಂದ ಮಗುವಿಗೆ ಆತಂಕ ಏಕೆ ಎಂದು ಆಶ್ಚರ್ಯಪಡುವ ತಾಯಿತಂದೆಯರಿಗೆ ಈ ಸಂಗತಿ ತಿಳಿದರೆ ತಮ್ಮನ್ನು ತಾವೇ ದೂರಿಕೊಳ್ಳುವುದು ಸ್ವಲ್ಪ ಕಡಿಮೆಯಾಗಬಹುದು.

ಕಾಲದೃಷ್ಟಿಯನ್ನು ತಿದ್ದುವ ಉಪಾಯಗಳು ಸರಳವಾಗಿಯೇ ಇವೆ. ಥಾಮಸ್ ಬೊರ್ಕೊವೆಕ್ 1983ರಲ್ಲಿ ಪರೀಕ್ಷಿಸಿದ ಕ್ರಮದಲ್ಲಿ ಚಿಂತೆಗೆ ದಿನಕ್ಕೆ ಅರ್ಧ ಗಂಟೆ, ನಿಗದಿತ ಸಮಯ, ನಿಗದಿತ ಜಾಗ. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಅರ್ಧ ಗಂಟೆಗೆ ಮುಂದೂಡುವುದು. ಚಿಂತಿಸಬೇಡ ಎಂಬ ಆಜ್ಞೆಗಿಂತ, ಸಂಜೆ ಆರಕ್ಕೆ ಚಿಂತಿಸು ಎಂಬ ಒಪ್ಪಂದವನ್ನು ಮನಸ್ಸು ಸುಲಭವಾಗಿ ಪಾಲಿಸುತ್ತದೆ. ಇನ್ನೊಂದು, ಚಿಂತೆಗಳನ್ನು ಬರೆದಿಟ್ಟುಕೊಂಡು ನಿಜವಾದವು ಎಷ್ಟು ಎಂದು ಆಮೇಲೆ ನೋಡುವುದು. ನ್ಯೂಮನ್ ಮತ್ತು ಲುಕಾಸ್ ಲಾಫ್ರೆನಿಯರ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘ ಆತಂಕದ ಕಾಯಿಲೆಯಿದ್ದ 29 ಮಂದಿಯ ಚಿಂತೆಗಳಲ್ಲಿ ಸುಮಾರು 91% ನಿಜವಾಗಲೇ ಇಲ್ಲ. ತನ್ನದೇ ಕೈಬರಹದಲ್ಲಿ ಈ ಲೆಕ್ಕ ಕಂಡಾಗ ವಿದ್ಯಾರ್ಥಿಗೆ ಬರುವ ನಂಬಿಕೆ ಬೇರೆಯವರ ಧೈರ್ಯದ ಮಾತಿನಿಂದ ಬರಲಾರದು. ಮಸುಕಾದ ನೆನಪಿಗೂ ಮದ್ದಿದೆ. ಇರಾನ್‌ನಲ್ಲಿ ನಿರಾಶ್ರಿತರಾಗಿದ್ದ, ಖಿನ್ನತೆಯಿದ್ದ ಆಫ್ಘನ್ ಹದಿಹರೆಯದವರಿಗೆ ವಾರಕ್ಕೊಮ್ಮೆ, ಐದು ವಾರ, ನಿರ್ದಿಷ್ಟ ಘಟನೆಗಳನ್ನು ವಿವರವಾಗಿ ನೆನೆಯುವ ಅಭ್ಯಾಸ ಮಾಡಿಸಲಾಯಿತು. ಎರಡು ತಿಂಗಳ ನಂತರ ಅವರ ಖಿನ್ನತೆ ಅಭ್ಯಾಸ ಮಾಡದವರಿಗಿಂತ ಕಡಿಮೆಯಿತ್ತು ಎಂದು 2013ರ ವರದಿ ಹೇಳುತ್ತದೆ. ಕನ್ನಡ ತರಗತಿಯಲ್ಲಿ ಪ್ರಬಂಧ ಬರೆಸುವವರಿಗೆ ಇದರಲ್ಲಿ ಒಂದು ಸುಳಿವಿದೆ: ನನ್ನ ಬಾಲ್ಯ ಎಂಬ ವಿಷಯಕ್ಕಿಂತ ಒಂದು ದಿನದ ಒಂದು ಘಟನೆ ಕೊಡುವುದು ಮೇಲು.

ಖಿನ್ನತೆ ಆಳವಾದವರಿಗೆ ದೂರದ ಗುರಿಯ ಮಾತು ಹತ್ತುವುದಿಲ್ಲ. ಹತ್ತಿರದ ನಾಳೆಯನ್ನು ಕೆಲಸದಿಂದ ತುಂಬಬೇಕಾಗುತ್ತದೆ. ನೆರೆಯ ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೀವ್ರ ಖಿನ್ನತೆಯಿದ್ದ 495 ವಯಸ್ಕರು ಭಾಗವಹಿಸಿದ್ದರು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಆರರಿಂದ ಎಂಟು ಭೇಟಿಗಳಲ್ಲಿ ಜನರಿಗೆ ದಿನದ ಸಣ್ಣಸಣ್ಣ ಚಟುವಟಿಕೆಗಳನ್ನು ಮತ್ತೆ ಶುರುಮಾಡಿಸಿದರು. ಮೂರು ತಿಂಗಳ ನಂತರ ಆ ಗುಂಪಿನ 64% ಮಂದಿಯಲ್ಲಿ ಖಿನ್ನತೆ ಬಹುಮಟ್ಟಿಗೆ ಇಳಿದಿತ್ತು, ಮಾಮೂಲಿ ಆರೈಕೆ ಪಡೆದವರಲ್ಲಿ 39%. ಅವರೆಲ್ಲ ವಯಸ್ಕರು ಎಂಬುದನ್ನು ನೆನಪಿಟ್ಟುಕೊಂಡೂ, ಇಷ್ಟು ಹತ್ತಿರದ ಊರುಗಳಲ್ಲಿ, ಇಷ್ಟು ಕಡಿಮೆ ಸಲಕರಣೆಯಲ್ಲಿ ಆದ ಕೆಲಸ ಭರವಸೆ ಕೊಡುವಂಥದ್ದು.

ಅಧ್ಯಾಪಕರ ಕೈಮೀರಿದ ಹಂತ ಯಾವುದು ಎಂಬುದು ಸ್ಪಷ್ಟವಾಗಿರಬೇಕು. ಎರಡು ವಾರಗಳಿಗೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಬೇಸರ ಅಥವಾ ನಿರಾಸಕ್ತಿ, ಜೊತೆಗೆ ನಿದ್ದೆ, ಊಟ, ಏಕಾಗ್ರತೆ ಕೆಟ್ಟಿದ್ದರೆ ಅದು ವೈದ್ಯರು ನೋಡಬೇಕಾದ ಸ್ಥಿತಿ. ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಹತಾಶೆಯನ್ನು. ಆರನ್ ಬೆಕ್ 1974ರಲ್ಲಿ 20 ಹೇಳಿಕೆಗಳ ಹತಾಶೆಯ ಅಳತೆಪಟ್ಟಿ ರೂಪಿಸಿದರು; ಆತ್ಮಹತ್ಯೆಯ ಯೋಚನೆಗಾಗಿ ಆಸ್ಪತ್ರೆ ಸೇರಿದ್ದವರನ್ನು ಹಲವು ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ಅಪಾಯವನ್ನು ಖಿನ್ನತೆಯ ಅಂಕಕ್ಕಿಂತ ಹತಾಶೆಯ ಅಂಕ ಚೆನ್ನಾಗಿ ಸೂಚಿಸಿತ್ತು. ವಿದ್ಯಾರ್ಥಿಯ ಮಾತಿನಲ್ಲಿ ಮುಂದಿನ ತಿಂಗಳು, ಮುಂದಿನ ವರ್ಷ ಎಂಬುದೇ ಕಾಣೆಯಾದಾಗ, ಸಾಯುವ ಯೋಚನೆ ಬರುತ್ತಿದೆಯೇ ಎಂದು ಏಕಾಂತದಲ್ಲಿ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬಾರದು, ಅದೇ ದಿನ ಮನೆಯವರಿಗೆ ತಿಳಿಸಿ ವೈದ್ಯರ ಬಳಿ ಕರೆದೊಯ್ಯಬೇಕು.

ನೆರವಿನ ದಾರಿಗಳು ಈಗ ಹಿಂದಿಗಿಂತ ಹೆಚ್ಚಿವೆ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ಆ ಸಂಖ್ಯೆಯನ್ನು ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಬೇಕು. ಹಾಗಿದ್ದೂ ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆಗಳಿರುವವರಲ್ಲಿ ಸುಮಾರು 85% ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ.

ಚಿಕಿತ್ಸೆಗೂ ತನ್ನದೇ ಕಾಲವಿದೆ. ಔಷಧಿ ಬರೆದುಕೊಟ್ಟರೆ ಅದರ ಪರಿಣಾಮ ತಿಳಿಯಲು ಸಾಮಾನ್ಯವಾಗಿ ಕೆಲವು ವಾರ ಬೇಕು, ಆಪ್ತಸಮಾಲೋಚನೆಗೂ ಅಷ್ಟೇ. ಏನೂ ಬದಲಾಗುವುದಿಲ್ಲ ಎಂಬ ಭಾವ ಆ ವಾರಗಳಲ್ಲೂ ಇದ್ದೇ ಇರುತ್ತದೆ, ಕಿರುಪರೀಕ್ಷೆ, ಪ್ರಾಯೋಗಿಕ ದಾಖಲೆ ಪುಸ್ತಕ, ಅಸೈನ್‌ಮೆಂಟುಗಳ ಗಡುವು ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಕಾಲೇಜಿನೊಳಗಿನ ಈ ಗಡುವುಗಳನ್ನು ಮುಂದೂಡುವುದು, ಬಿಟ್ಟುಹೋದ ಪಾಠವನ್ನು ಯಾವ ವಾರ ಹೇಳಿಕೊಡಲಾಗುವುದು ಎಂದು ದಿನಾಂಕ ಹಾಕಿ ಬರೆದುಕೊಡುವುದು, ಹಿಂತಿರುಗಿ ಬಂದ ವಿದ್ಯಾರ್ಥಿಯನ್ನು ತರಗತಿಯ ಮುಂದೆ ನಿಲ್ಲಿಸಿ ವಿಚಾರಿಸದಿರುವುದು ವೈದ್ಯರಿಂದಾಗಲಿ ಹೆತ್ತವರಿಂದಾಗಲಿ ಆಗುವ ಕೆಲಸಗಳಲ್ಲ. ಅವು ಅಧ್ಯಾಪಕರ ಕೈಯಲ್ಲಿವೆ.